ಎಮರಾಲ್ಡ್ ಕಾಲದವರು ಪೊಕೆಮಾನ್ ಸ್ಕಾರ್ಲೆಟ್ ಆಡಬಹುದಾ?

ಮೂರನೇ ಜನರೇಶನ್‌ನ ಎಮರಾಲ್ಡ್ ಮುಗಿಸಿದ್ಮೇಲೆ ಪೊಕೆಮಾನ್ ಗೇಮ್ ಮುಟ್ಟೇ ಇರ್ಲಿಲ್ಲ, ಮಧ್ಯದಲ್ಲಿ ಐದು ಜನರೇಶನ್ ಹೋಗ್ಬಿಟ್ಟಿದೆ, ಈಗ ಒಂಬತ್ತನೇದು ಸ್ಕಾರ್ಲೆಟ್ ಆಡಿ ಮುಗಿಸಿದೆ. ನನ್ ಹಾಗೆ ಹಳೇ ಕಾಲದವ್ರು ವಾಪಸ್ ಬರೋದಿದ್ರೆ ಧೈರ್ಯವಾಗಿ ಬನ್ನಿ, ಆದ್ರೆ ಒಂದೆರಡು ವಿಷಯ ತಿಳ್ಕೊಂಡು ಬನ್ನಿ.

ಮೊದ್ಲು ಖುಷಿ ಆಗಿದ್ದು ಏನಂದ್ರೆ ಎಚ್‌ಎಮ್ (ದಾರಿಲಿರೋ ಮರ ಕಡಿಯೋಕೆ, ನೀರು ದಾಟೋಕೆ ಬೇಕಾಗ್ತಿದ್ದ ಮೂವ್‌ಗಳು) ಕಾಟನೇ ಇಲ್ಲ. ಕಟ್, ಸರ್ಫ್ ಅಂತ ಟೀಮಲ್ಲಿ ಒಂದು ಪೊಕೆಮಾನ್‌ನ ಸುಮ್ನೆ ಹೊತ್ಕೊಂಡು ತಿರುಗೋ ಕಷ್ಟ ಹೋಗಿದೆ, ಸವಾರಿ ಪೊಕೆಮಾನ್ ಕೊರೈಡಾನ್ ಮೇಲೆ ಕೂತ್ಕೊಂಡು ಓಡೋದು, ಈಜೋದು, ಬೆಟ್ಟ ಹತ್ತೋದು, ಗಾಳಿಲಿ ತೇಲೋದು ಎಲ್ಲಾ ಒಂದೊಂದಾಗಿ ಸಿಗುತ್ತೆ. ಹಿಡಿದ ಪೊಕೆಮಾನ್‌ಗಳನ್ನ ಇಡೋ ಬಾಕ್ಸ್ ಎಲ್ಲಿ ಬೇಕಾದ್ರೂ ಓಪನ್ ಮಾಡ್ಬಹುದು, ಮರೆತ ಮೂವ್ ಮೆನುವಿಂದಲೇ ವಾಪಸ್ ಕಲಿಸ್ಬಹುದು.

ಸ್ಪೇನ್ ಕಡೆಯ ನೆಲ ನೋಡಿ ಮಾಡಿರೋ ಪಾಲ್ಡಿಯಾದಲ್ಲಿ ಎಂಟು ಜಿಮ್, ಐದು ಟೈಟನ್ (ದೈತ್ಯ ಪೊಕೆಮಾನ್), ಟೀಮ್ ಸ್ಟಾರ್ ಅನ್ನೋ ವಿದ್ಯಾರ್ಥಿ ಗುಂಪಿನ ಐದು ಅಡ್ಡೆ, ಯಾವುದನ್ನ ಯಾವಾಗ ಬೇಕಾದ್ರೂ ಮಾಡಿ ಅಂತಾರೆ. ಇಲ್ಲೇ ನನಗೆ ಬೇಜಾರು. ಜಿಮ್ ಲೆವೆಲ್ ನಮ್ಮ ಜೊತೆ ಏರಲ್ಲ, ಜಿಮ್ ಲೀಡರ್ ಕೇಟಿ ಹತ್ರ ಯಾವಾಗ ಹೋದ್ರೂ ಅದೇ ಲೆವೆಲ್ 14-15, ಗ್ರೂಷಾ ಹತ್ರ ಅದೇ 47-48. ಒಂದ್ ಕಡೆ ಜಾಸ್ತಿ ಸುತ್ತಾಡಿದ್ರೆ ಇನ್ನೊಂದ್ ಕಡೆ ಜಿಮ್ ಒಂದೇ ಏಟಿಗೆ ಮಗುಚ್ಕೊಳ್ಳುತ್ತೆ, ಇಡೀ ಟೀಮಿಗೆ ಅನುಭವ ಹಂಚೋ ಎಕ್ಸ್‌ಪಿ ಶೇರ್ ಆಫ್ ಮಾಡೋಕೂ ಬಿಡಲ್ಲ. ಹಾಗಂತ ಗೇಮ್ ಮಾಡಿದವ್ರು ಬುದ್ಧಿ ಓಡ್ಸಿಲ್ಲ ಅಂತಲ್ಲ, ಇನ್ನೊಬ್ಬ ಜಿಮ್ ಲೀಡರ್ ಅಯೋನೋಳ ಮಿಸ್‌ಮ್ಯಾಜಿಯಸ್ ನೋಡಿ, ಟೆರಾ ಆಗಿ (ಅಂದ್ರೆ ಫೈಟ್ ಮಧ್ಯೆ ಟೈಪ್ ಬದಲಾಯಿಸ್ಕೊಂಡು) ಎಲೆಕ್ಟ್ರಿಕ್ ಆಗುತ್ತೆ, ಎಲೆಕ್ಟ್ರಿಕ್‌ಗೆ ಇರೋ ಒಂದೇ ವೀಕ್‌ನೆಸ್ ಗ್ರೌಂಡ್, ಆದ್ರೆ ಅದಕ್ಕೆ ನೆಲದಿಂದ ಮೇಲೆ ತೇಲೋ ಲೆವಿಟೇಟ್ ಶಕ್ತಿ ಇರೋದ್ರಿಂದ ಗ್ರೌಂಡ್ ತಾಗೋದೇ ಇಲ್ಲ. ಟೆರಾ ಎಷ್ಟು ಚೆನ್ನಾಗಿ ಬಳಸ್ಬಹುದು ಅಂತ ನನಗೆ ಅರ್ಥ ಆಗಿದ್ದೇ ಆ ಜಿಮ್ಮಲ್ಲಿ.

ಗ್ರಾಫಿಕ್ಸ್ ವಿಷಯ ಮುಚ್ಚಿಡೋದು ಬೇಡ. ಗೇಮ್ ಒಳಗಿನ ಸ್ಕೂಲ್ ಕ್ಲಾಸಲ್ಲಿ ಕೂತಾಗ ಹಿಂದಿನ ಸಾಲಿನ ಹುಡುಗ್ರು ತಡೆದು ತಡೆದು ಅಲ್ಲಾಡ್ತಾರೆ, ಕ್ಯಾಸೆರೋಯಾ ಕೆರೆ ಹತ್ರ ಫ್ರೇಮ್ ಬಿದ್ದೇ ಹೋಗುತ್ತೆ, ಇಷ್ಟು ದೊಡ್ಡ ಹೆಸರಿನ ಗೇಮ್‌ನ 2022ರಲ್ಲಿ ಈ ಸ್ಥಿತಿಲಿ ಮಾರಿದ್ದು ತಪ್ಪೇ. 2025ರಲ್ಲಿ ಸ್ವಿಚ್ 2ಗೆ ಫ್ರೀ ಅಪ್‌ಡೇಟ್ ಬಂದಿದೆ, ಅದರಲ್ಲಿ ತುಂಬಾ ಸ್ಮೂತ್, ಆಯ್ಕೆ ಇದ್ರೆ ಅದರಲ್ಲೇ ಆಡಿ. ವಾಯ್ಸ್ ಆಕ್ಟಿಂಗ್ ಇಲ್ಲ, ಬಟ್ಟೆ ಅಂಗಡಿ ಒಳಗೆ ಹೋಗೋಕಾಗಲ್ಲ, ಬರೀ ಮೆನು.

ಇಷ್ಟೆಲ್ಲಾ ಇದ್ರೂ ನನ್ನ ಹಿಡಿದು ಕೂರಿಸಿದ್ದು ಗೇಮಲ್ಲಿ ನಮ್ಮ ಜೊತೆ ಓದೋ ಹುಡುಗ ಆರ್ವೆನ್ ಕಥೆ. ಮೊದ್ಲು ಸಿಡುಕನ ಥರ ಕಾಣ್ತಾನೆ, ಟೈಟನ್‌ಗಳ ಹತ್ರ ಇರೋ ಸೊಪ್ಪು ಯಾಕೆ ಬೇಕು ಅಂತ ಬಾಯಿ ಬಿಡಲ್ಲ, ಆಮೇಲೆ ಗೊತ್ತಾಗುತ್ತೆ, ಅವನ ನಾಯಿ ಮಬಾಸ್ಟಿಫ್ ಏಟು ತಿಂದು ಏಳೋಕಾಗದೆ ಮಲಗಿದೆ, ಅದನ್ನ ಉಳಿಸೋಕೇ ಈ ಓಡಾಟ. ಆ ಸೊಪ್ಪು ಹಾಕಿದ ಒಂದೊಂದು ಸ್ಯಾಂಡ್‌ವಿಚ್ ತಿಂದ ಹಾಗೆ ಅದು ಒಂಚೂರು ಚೇತರಿಸ್ಕೊಳ್ಳೋದು ನೋಡಿ ಕಣ್ಣು ತುಂಬಿ ಬಂತು, ಪೊಕೆಮಾನ್ ಗೇಮಲ್ಲಿ ಇಂಥ ಬರವಣಿಗೆ ನಾನು ನೋಡೇ ಇರ್ಲಿಲ್ಲ. ಕೊನೆಗೆ ಏರಿಯಾ ಝೀರೋ ಅನ್ನೋ ದೊಡ್ಡ ಕುಳಿಯೊಳಗೆ ಇಳಿಯೋ ಭಾಗ ಏನೂ ಓದ್ದೆ ಆಡಿ.

ಎಮರಾಲ್ಡಲ್ಲಿ ಅವಳಿ ಜಿಮ್ ಲೀಡರ್ ಟೇಟ್-ಲೀಝಾ ಜೊತೆಗಿನ ಡಬಲ್ ಬ್ಯಾಟಲ್ (ಎರಡು ಪೊಕೆಮಾನ್‌ಗೆ ಎರಡು) ಇಷ್ಟಪಟ್ಟವ್ರು ಸ್ಕಾರ್ಲೆಟ್‌ನ ಇಂಡಿಗೋ ಡಿಸ್ಕ್ ಡಿಎಲ್‌ಸಿನೂ (ಹೆಚ್ಚುವರಿ ಭಾಗ) ತಗೊಳ್ಳಿ, ಅದರ ಲೀಗ್ ಪೂರ್ತಿ ಡಬಲ್ಸೇ, ಮೇನ್ ಗೇಮಲ್ಲಿ ಸಿಗದ ಟಫ್ ಫೈಟ್ ಅಲ್ಲಿ ಸಿಗುತ್ತೆ.