ದುರ್ಗವೋ, ಸಂತೇಬೆನ್ನೂರೋ?

ಶನಿವಾರ-ಭಾನುವಾರ ಹಳೇ ಊರೊಂದನ್ನು ನೋಡಬೇಕು ಅಂತ ದಾವಣಗೆರೆಗೆ ಬರುವ ನೆಂಟರಿಗೆ ನಾನು ಹೇಳುವುದು ಎರಡೇ ಹೆಸರು. ಹೈವೇ ಹಿಡಿದು 60 ಕಿಲೋಮೀಟರ್ ಹೋದರೆ ಚಿತ್ರದುರ್ಗ, ಚನ್ನಗಿರಿ ತಾಲ್ಲೂಕಿನ ಕಡೆ ತಿರುಗಿದರೆ ಸಂತೇಬೆನ್ನೂರು. ಎರಡನ್ನೂ ಮನೆಮಂದಿಯ ಜೊತೆ ಸುತ್ತಿಯಾಗಿದೆ.

ದುರ್ಗಕ್ಕೆ ಒಂದು ದಿನ ಸಾಲದು. ಕೋಟೆಗೆ ಬೆಳಿಗ್ಗೆ ಬೇಗ ಹೋಗಬೇಕು, 11ರ ಮೇಲೆ ಬಂಡೆ ದೋಸೆ ಕಾವಲಿಯ ಹಾಗೆ ಕಾಯುತ್ತದೆ. ಎಲ್ಲರೂ ಓಡುವುದು ಓಬವ್ವನ ಕಿಂಡಿಗೆ. ಬಗ್ಗಿ ನುಸುಳಿ, ಫೋಟೊ ತೆಗೆಸಿಕೊಂಡು ವಾಪಸ್. ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನ ಲೆಕ್ಕಾಚಾರ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಹೆಚ್ಚಿನ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ. 1779ರಲ್ಲಿ ಮದಕರಿ ನಾಯಕನಿಂದ ಕೋಟೆ ಕಸಿದುಕೊಳ್ಳುವ ಮೊದಲು ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಬೇಕಾಯಿತು. ಇಷ್ಟು ನೀರು ಕೂಡಿಟ್ಟುಕೊಂಡವರನ್ನು ಬಾಯಾರಿಸಿ ಮಣಿಸುವುದು ಸುಲಭವೇ?

ರಾತ್ರಿ ಉಳಿದು ಮಾರನೇ ದಿನ ಚಂದ್ರವಳ್ಳಿಗೆ ಹೋಗಿ. ಕದಂಬರ ಮಯೂರಶರ್ಮನ ಶಾಸನ ಇರುವುದು ಅಲ್ಲೇ, ಅದರಲ್ಲೂ ಕೆರೆಯದ್ದೇ ಮಾತು. ಅಂಕಲಿ ಮಠದ ಗುಹೆಗೆ ಟಾರ್ಚೂ ಬೇಕು, ಗೈಡೂ ಬೇಕು. ಟಾರ್ಚ್ ಆರಿಸಿದರೆ ಪಕ್ಕದಲ್ಲಿ ಯಾರಿದ್ದಾರೆ ಅಂತ ಕೈ ಚಾಚಿಯೇ ತಿಳಿಯಬೇಕು.

ಮಂಡಿನೋವಿನವರಿಗೆ ಮಾತ್ರ ಕೋಟೆ ಆಗಿಬರುವುದಿಲ್ಲ. "ನಾನಿಲ್ಲೇ ಕೂತಿರ್ತೀನಿ, ನೀವ್ ಹೋಗ್ಬರ‍್ರಿ" ಅಂತ ನಮ್ಮತ್ತೆ ಎರಡನೇ ಬಾಗಿಲ ಹತ್ತಿರವೇ ಕೂತುಬಿಟ್ಟರು. ಸಂತೇಬೆನ್ನೂರಿನಲ್ಲಿ ಅವರೇ ಎಲ್ಲರಿಗಿಂತ ಮುಂದೆ. ಹತ್ತುವುದಿಲ್ಲ, ಏದುಸಿರಿಲ್ಲ, ಊರೊಳಗೇ ಪುಷ್ಕರಣಿ. ಪಾಳೆಯಗಾರ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ್ದು. ಸುತ್ತಲೂ ಮೆಟ್ಟಿಲು, ನಟ್ಟನಡುವೆ ನೀರಿನಲ್ಲಿ ವಸಂತ ಮಂಟಪ. ಪಕ್ಕದಲ್ಲೇ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಮುಸಾಫಿರ್‌ಖಾನಾ, ಅಂದರೆ ಪ್ರಯಾಣಿಕರ ತಂಗುದಾಣ. ಕಮಾನುಗಳ ಕೆಳಗೆ ಕೂತರೆ ಮಧ್ಯಾಹ್ನವೂ ತಂಪು. ಚೆಂದದಲ್ಲಿ ದುರ್ಗಕ್ಕೆ ಸೋಲುವುದಿಲ್ಲ, ಆದರೆ ತಾಸೊಪ್ಪತ್ತಿನಲ್ಲಿ ನೋಡಿ ಮುಗಿಯುತ್ತದೆ. ಅಲ್ಲೇ ಉಳಿಯುವ ಯೋಚನೆ ಬೇಡ. ದಾವಣಗೆರೆಗೆ ಬಂದು ಬೆಣ್ಣೆ ದೋಸೆ ತಿಂದು, ಸಂಜೆ ಹರಿಹರದಲ್ಲಿ ಹೊಯ್ಸಳರ ಸೇನಾನಿ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ ನೋಡಿದರೆ ದಿನ ತುಂಬುತ್ತದೆ.

ಮಕ್ಕಳು, ಕಾಲಲ್ಲಿ ಕಸುವಿರುವವರು ಇದ್ದರೆ ನನ್ನ ಮತ ದುರ್ಗಕ್ಕೇ, ಅದೂ ಮಳೆಗಾಲ ಮುಗಿದು ಹೊಂಡ ತುಂಬಿರುವಾಗ. ಹಿರಿಯರಿದ್ದರೆ ಸಂತೇಬೆನ್ನೂರು. ಏಪ್ರಿಲ್‌ನಲ್ಲಿ ಬಂದು ಕೇಳಿದವರಿಗೆ ನಾನು ದುರ್ಗದ ಹೆಸರನ್ನೇ ಎತ್ತುವುದಿಲ್ಲ.