ಸಂಜಿ ಏಳಾತಂದ್ರ ಹೋಗ್ತಿದ್ದ ನೆಟ್ಟು ಈಗ ಬರೋಬರಿ ಐತಿ, 4 ಸ್ಟಾರ್

ಧಾರವಾಡದಾಗ ಸಪ್ತಾಪುರ ಕಡೆ ಇರೋ ಈ ಕಂಪ್ಯೂಟರ್ ರಿಪೇರಿ ಅಂಗಡಿ ನೋಡಾಕ ಏನೂ ಇಲ್ರಿ. ಶಟರ್ ಅರ್ಧಾ ಇಳಿಸಿರ್ತಾರ, ಒಳಗ ಹಳೇ ಸಿಪಿಯು ಪೇರಿಸಿಟ್ಟಾರ, ಕುಂದ್ರಾಕ ಒಂದ ಸ್ಟೂಲು. ಮೊದಲನೇ ಸಲ ನಾನೂ ನೋಡಿ ಹೊಳ್ಳಿ ಹೋಗಿದ್ದೆ. ಆದ್ರ ಎರಡ ತಿಂಗಳಿಂದ ತಲಿ ತಿಂದಿದ್ದ ತ್ರಾಸು ಇವ್ರ ಕೈಲೇ ಬಗೀಹರೀತು, ಅದಕ್ಕ ಬರ್ಯಾಕತ್ತೀನಿ, ಸ್ವಲ್ಪ ಉದ್ದ ಆಗ್ತೈತಿ.

ನಾವಿರೋದು ಮಾಳಮಡ್ಡಿಯಾಗ, ಹಳೇ ಮನಿ, ಮ್ಯಾಲ ಮಾಲಕ್ರು ತಳಗ ನಾವು. ಫೈಬರ್ ಕನೆಕ್ಷನ್ ಅವ್ರ ಹೆಸರಿಲೆ ಐತಿ, ಬಿಲ್ಲು ಅರ್ಧಾ ಅರ್ಧಾ, ಅವ್ರ ರೌಟರಿಂದ ಒಂದ ಲ್ಯಾನ್ ಕೇಬಲ್ ಕಿಡಕ್ಯಾಗಿಂದ ಇಳಿಸಿ ನಮ್ಮ ಡೆಸ್ಕ್‌ಟಾಪಿಗೆ ಹಚ್ಚೀವಿ. ಒಂದ ವರ್ಷ ಏನೂ ತಕರಾರ ಇರ್ಲಿಲ್ಲ. ನಂದು ಅಕೌಂಟ್ಸ್ ಕೆಲಸ, ಮನಿಗೆ ಬಂದ ಮ್ಯಾಲ ಸಂಜಿಕೆ ನಾಕೈದ ಅಂಗಡಿಯವ್ರದು ಜಿಎಸ್‌ಟಿ ಎಂಟ್ರಿ ಮಾಡ್ತೀನಿ, ತಿಂಗಳಾ ತುಂಬೋ 3ಬಿ ರಿಟರ್ನಿಗೆ (ಜಿಎಸ್‌ಟಿ ಲೆಕ್ಕಪತ್ರ) 20ನೇ ತಾರೀಖು ಕಡೀ ದಿನ, ಆ ಟೈಮ್ನ್ಯಾಗ ಬರೋಬರಿ ಸಂಜಿ ಏಳರ ಸುಮಾರಿಗೆ ನೆಟ್ಟು ಮಂಗಮಾಯ. ಕೇಬಲ್ ತಗದು ಹಚ್ಚಿದ್ರ ಎರಡ ನಿಮಿಷ ಬರೋದು, ಮತ್ತ ಹೋಗೋದು. ಮುಂಜಾನೆ ನೋಡಿದ್ರ ಮಸ್ತ್ ಓಡ್ತಿರ್ತೈತಿ!

ಕಸ್ಟಮರ್ ಕೇರಿಗೆ ಫೋನ್ ಹಚ್ಚಿದ್ರ ಅವ್ರದು ಒಂದ ಮಂತ್ರ, ರೌಟರ್ ಆಫ್ ಮಾಡಿ ಆನ್ ಮಾಡ್ರಿ, ಸಂಜಿಕೆ ಲೋಡ್ ಜಾಸ್ತಿ ಇರ್ತೈತಿ. ನಾನೂ ಖರೆ ಅನಕೊಂಡೆ. ಆಮ್ಯಾಲ ಸಿಪಿಯು ಸ್ಕೂಟರ್ ಮ್ಯಾಲ ಇಟಗೊಂಡು ಬ್ಯಾರೆ ಒಂದ ಅಂಗಡಿಗೆ ಒಯ್ದೆ (ಹೆಸರ ಬ್ಯಾಡ), ಎರಡ ದಿನ ಇಟಗೊಂಡು ಧೂಳಾ ಹೊಡದು ಆಂಟಿವೈರಸ್ ಹಾಕಿ 450 ತಗೊಂಡು, ನಮ್ಮ ಕಡೆ ನೆಟ್ ಚಲೋ ಬರಾಕತ್ತೈತಿ ನೋಡ್ರಿ ಅಂತ ತೋರಿಸಿ ಕಳಿಸಿದ್ರು. ಅಲ್ಲಿ ಬರ್ತೈತಿ, ಮನ್ಯಾಗ ಬರಂಗಿಲ್ಲ. ಇತ್ಲಾಗ ಮ್ಯಾಲಿನ ಅಜ್ಜಿಗೆ ನಮ್ಮ ಮ್ಯಾಲ ಸಿಟ್ಟು, ಹೊಸಾ ಟಿವ್ಯಾಗ ಧಾರಾವಾಹಿ ನಡಕ ನಡಕ ಗಿರಗಿರ ತಿರುಗಾಕತ್ತಿತ್ತಂತ, ತಳಗಿನವ್ರು ಏನೋ ಡೌನ್‌ಲೋಡ್ ಹಚ್ಚಿರಬೇಕು ಅಂತ ನಮ್ಮನಿಯಾಕಿ ಮುಂದ ಅಂದಾಳ. ನಾವು ಅವ್ರ ಟಿವಿ ಎಲ್ಲಾ ನೆಟ್ ಎಳಕೊಳ್ತೈತಿ ಅಂತಿದ್ವಿ. ಮಾತು ಬಿಡೋ ಹಂತಕ್ಕ ಬಂದಿತ್ತು.

ಈ ಅಂಗಡಿ ಹುಡುಗನ್ನ ಕೇಳಿದ್ರ ಅಂವ ಸಿಪಿಯು ತರೋದು ಬ್ಯಾಡ್ರಿ ಅಂದ! ಯಾವ ಹೊತ್ತಿನ್ಯಾಗ ಹೋಗ್ತೈತಿ, ಆ ಹೊತ್ತಿನ್ಯಾಗ ಮನ್ಯಾಗ ಹೊಸದಾಗಿ ಏನೇನ್ ಚಾಲೂ ಆಗ್ತೈತಿ ಅಂತ ಕೇಳಿದ. ಈ ಪ್ರಶ್ನೆ ಅಲ್ಲೀತನಕ ಯಾರೂ ಕೇಳಿರ್ಲಿಲ್ಲ. ನಾಳಿಕೆ ಏಳಕ್ಕ ಬರ್ತೀನಿ ಅಂದಂವ ಒಂದ ದಿನ ತಪ್ಪಿಸಿ ನಾಡದ ಬಂದ, ಅದ ಬ್ಯಾರೆ ಮಾತು.

ಬಂದು ಕುಂತು ಕಂಪ್ಯೂಟರಿನ್ಯಾಗ ಆಜ್ಞೆ ಟೈಪ್ ಮಾಡೋ ಕರೀ ಕಿಡಕಿ (ಕಮಾಂಡ್ ಪ್ರಾಂಪ್ಟ್) ತಗದು, ನೆಟ್ಟಿನ ವಿವರ ತೋರಸೋ ಐಪಿಕಾನ್ಫಿಗ್ ಆಲ್ ಅಂತ ಹೊಡದ. 192.168.1.5 ಅಂತ ನನ್ನ ಕಂಪ್ಯೂಟರಿನ ಐಪಿ ಅಡ್ರೆಸ್ (ನೆಟ್ಟಿನ್ಯಾಗ ಅದರ ವಿಳಾಸ) ಒಂದ ಸಾಲು, ಅದರ ಮುಂದ ಕಂಸದಾಗ ಡುಪ್ಲಿಕೇಟ್ ಅಂತ ಬರದಿತ್ತು, ಅದರ ಮಗ್ಗಲದಾಗ 169.254 ರಿಂದ ಚಾಲೂ ಆಗೋ ಇನ್ನೊಂದ ನಂಬರ್. ನಾ ಎರಡ ತಿಂಗಳದಾಗ ಲೈನ್ ಐತೋ ಇಲ್ಲೋ ನೋಡಾಕ ಪಿಂಗ್ ಹೊಡದೀನಿ, ಸೈಟಿನ ಹೆಸರಿಂದ ವಿಳಾಸ ಹುಡುಕಿ ಕೊಡೋ ಡಿಎನ್ಎಸ್ 8.8.8.8 ಮಾಡೀನಿ, ಆ ಒಂದ ಶಬ್ದ ಕಣ್ಣಿಗೆ ಬಿದ್ದಿರ್ಲಿಲ್ಲ. 169.254 ಅಂದ್ರ ಕಂಪ್ಯೂಟರಿಗೆ ಬರೋಬರಿ ವಿಳಾಸ ಸಿಗದಾಗ ತಾನ ಮಾಡಕೊಂಡ ನಂಬರಂತ, ಅದರ ಮ್ಯಾಲ ಇಂಟರ್ನೆಟ್ ನಡಿಯಂಗಿಲ್ಲ. ಆಮ್ಯಾಲ ಮ್ಯಾಲ ಹೋಗಿ ಮಾಲಕ್ರ ಫೋನಿನ್ಯಾಗ 192.168.1.1 ಹೊಡದು ರೌಟರ್ ಪೇಜ್ ತಗದ, ಯಾರ್ಯಾರ್ ಹಚ್ಚ್ಯಾರ ಅನ್ನೋ ಪಟ್ಟಿ, ಅದರಾಗ ಅದ 192.168.1.5 ಮುಂದ ಅಜ್ಜಿ ಟಿವಿ ಹೆಸರು!

ಗಲಾಟೆ ಮೂಲ ನಾನ ಆಗಿದ್ದೆ. ಪ್ರಿಂಟರ್ ಶೇರ್ ಮಾಡಾಕಂತ ಯಾವುದೋ ವಿಡಿಯೋ ನೋಡಿ ಐಪಿ ಅಡ್ರೆಸ್ ಕೈಲೇ ತುಂಬಿಟ್ಟಿದ್ದೆ, ಮರತ ಬಿಟ್ಟಿದ್ದೆ. ಹುಡುಗ ಹೇಳಿದ್ದು ಹಿಂಗ, ಬಸ್ ಸ್ಟ್ಯಾಂಡಿನ್ಯಾಗ ಕಿಡಕ್ಯಾಗಿಂದ ಟವಲ್ ಒಗದು ಸೀಟ್ ಹಿಡದಂಗ ಮಾಡೀರಿ ಸರ್, ಕಂಡಕ್ಟರಿಗೆ ಗೊತ್ತಿಲ್ಲ, ಅಂವ ಅದ ಸೀಟ್ ಇನ್ನೊಬ್ರಿಗೆ ಕೊಟ್ಟಾನ. ರೌಟರ ಕಂಡಕ್ಟರು, ವಿಳಾಸ ಹಂಚೋದು ಅದರ ಕೆಲಸ, ಅದಕ್ಕ ಡಿಎಚ್‌ಸಿಪಿ ಅಂತಾರ. ಹೊಸಾ ಟಿವಿ ಬಂದ ದಿನ ನನ್ನ ಕಂಪ್ಯೂಟರ್ ಬಂದ್ ಇತ್ತು, 5 ಖಾಲಿ ಐತಿ ಅಂತ ಟಿವಿಗೆ ಕೊಟ್ಟ ಬಿಟ್ಟೈತಿ, ಟಿವಿ ಅದನ್ನ ನೆನಪಿಟಗೊಂಡು ದಿನಾ ಅದನ್ನ ಕೇಳತೈತಿ. ಅಜ್ಜಿಗೆ ಕರೆಂಟ್ ಉಳಸೋ ರೂಢಿ, ದಿನಾ ಗ್ವಾಡಿ ಸ್ವಿಚ್ಚಿಂದ ಟಿವಿ ಬಂದ್ ಮಾಡಿ ಸಂಜಿಕೆ ಏಳಕ್ಕ ಹಚ್ಚತಾಳ, ಅದಕ್ಕ ಮುಂಜಾನೆ ಜಗಳಾ ಇಲ್ಲ, ಸಂಜಿಕೆ ಇಬ್ರದೂ ಒಂದ ಸೀಟಿಗೆ ಗುದ್ದಾಟ. ಅಂದ್ರ ಅಜ್ಜಿ ಹೇಳಿದ್ದೂ ಖರೆ, ನಾವು ಹೇಳಿದ್ದೂ ಖರೆ ಆತು. (ನಮ್ಮ ಹುಬ್ಬಳ್ಳಿ-ಧಾರವಾಡದ ಎಸಿ ಚಿಗರಿ ಬಸ್ಸಿನ್ಯಾಗ ಟವಲ್ ಒಗ್ಯಾಕ ಬರಂಗಿಲ್ಲ, ಕಿಡಕಿ ತಗ್ಯಾಕ ಆಗಂಗಿಲ್ಲ ನೋಡ್ರಿ.)

ರಿಪೇರಿ ಐದ ನಿಮಿಷದ್ದು. ಲ್ಯಾನ್ ಸೆಟಿಂಗ್ನ್ಯಾಗ ಐಪಿ ಮತ್ತ ಡಿಎನ್ಎಸ್ ಎರಡೂ ಆಟೋಮ್ಯಾಟಿಕ್ ಮಾಡಿದ, ಟಿವಿ ಒಮ್ಮೆ ಬಂದ್ ಮಾಡಿ ಹಚ್ಚಿದ. ಪ್ರಿಂಟರ್ ಕೆಲಸ ಕೆಡಬಾರದಂತ ನನ್ನ ಕಂಪ್ಯೂಟರಿನ ಮ್ಯಾಕ್ ಅಡ್ರೆಸ್ (ಮಷೀನಿನ ಗುರುತಿನ ನಂಬರ್) ರೌಟರಿನ್ಯಾಗ ಬರದು 192.168.1.50 ಅದಕ್ಕ ಕಾಯಂ ಕಾದಿರಿಸಿಟ್ಟ, ಈಗ ಟವಲ್ ಅಲ್ಲ, ಕಂಡಕ್ಟರ್ ಕೊಟ್ಟ ರಿಸರ್ವೇಶನ್. ಹೋಗೂ ಮುಂದ ಲ್ಯಾನ್ ಪಿನ್ನಿನ ಕ್ಲಿಪ್ ಮುರದಿದ್ದು ನೋಡಿ ಅದನ್ನೂ ಕತ್ತರಿಸಿ ಹೊಸದು ಹಾಕಿದ, ಕೇಳಿರ್ಲಿಲ್ಲ ನಾ.

300 ರೂಪಾಯಿ ತಗೊಂಡ, ಮನಿಗೆ ಬಂದಿದ್ದು ಪಿನ್ನು ಎಲ್ಲಾ ಸೇರಿ. ಭಾಳ ಅಂತ ಅನಸಲಿಲ್ಲ, 450 ಕೊಟ್ಟು ಧೂಳಾ ಹೊಡಿಸಿದ್ದು ನೆನಸಿದ್ರ ಹೊಟ್ಟಿ ಉರಿತೈತಿ ಅಷ್ಟ. ಮನ್ಯಾಗ ಎರಡ ಸಂಸಾರಕ್ಕ ಒಂದ ಕನೆಕ್ಷನ್ ಇದ್ದವ್ರು ಕಂಪ್ಯೂಟರ್ ಹೊತ್ಕೊಂಡು ಅಂಗಡಿಗೆ ಅಡ್ಡಾಡಬ್ಯಾಡ್ರಿ, ಮನಿಗೆ ಬಂದು ನೋಡೋರ್ನ ಕರೀರಿ.

ಒಂದ ಸ್ಟಾರ್ ಯಾಕ ಕಟ್ ಮಾಡೀನಂದ್ರ ಹೇಳಿದ ದಿನ ಬರಲಿಲ್ಲ, ಬಿಲ್ ಕೇಳಿದ್ರ ಬುಕ್ ಮುಗದೈತಿ ಅಂದ. ಮತ್ತ ಮಧ್ಯಾಹ್ನ ಒಂದರಿಂದ ನಾಕರ ತನಕ ಫೋನ್ ಎತ್ತಂಗಿಲ್ಲ, ಮಲಗಿರ್ತಾನೋ ಏನೋ, ನಾಕರ ಮ್ಯಾಲ ಹಚ್ರಿ.