ಸ್ಮಾರ್ಟ್ ಮನೆಗೆ ವಾಯ್ಸ್ ಕಂಟ್ರೋಲ್ ಹಾಕಿಸುತ್ತೀರಾ? ಮೋಟರ್, ಗೀಸರ್ ಅದರ ಕಿವಿಗೆ ಬೀಳದಿರಲಿ

ಈಗಾಗಲೇ ಸ್ಮಾರ್ಟ್ ಸ್ವಿಚ್, ಹಬ್ ಎಲ್ಲ ಹಾಕಿಸಿಕೊಂಡು, ಇನ್ನು ಒಂದು ಸ್ಪೀಕರ್ ಜೋಡಿಸಿ ಬಾಯಲ್ಲಿ ಹೇಳಿ ಲೈಟ್ ಹಾಕಿಸೋಣ ಅಂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕೆಲಸಕ್ಕೆ ಬರುವವರು "ಬರೀ ಆಪ್‌ನಲ್ಲಿ ಲಿಂಕ್ ಮಾಡೋದು ಸಾರ್, ಅರ್ಧ ಗಂಟೆ ಸಾಕು" ಅನ್ನುತ್ತಾರೆ. ಅರ್ಧ ಗಂಟೆ ಸಾಕು ಅನ್ನುವುದೇನೋ ನಿಜ. ಆ ಅರ್ಧ ಗಂಟೆಯಲ್ಲಿ ಮನೆಯ ಸ್ವಿಚ್‌ಗಳ ಯಜಮಾನಿಕೆ ಯಾರ ಕೈಗೆ ಹೋಗುತ್ತದೆ ಅನ್ನುವುದನ್ನು ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಇದರಿಂದ ಸಂಪಿನ ಮೋಟರ್ ಸುಟ್ಟುಹೋಯಿತು.

ನಮ್ಮದು ಮೈಸೂರಿನಲ್ಲಿ ಮನೆ. ಸ್ವಿಚ್ ಬೋರ್ಡಿನ ಹಿಂದೆ ಕೂತು ಕರೆಂಟ್ ಹಾಕಿ ಆರಿಸುವ ರಿಲೇ ಮಾಡ್ಯೂಲ್‌ಗಳು, ಅವನ್ನೆಲ್ಲ ನೋಡಿಕೊಳ್ಳಲು ಒಂದು ಹಬ್. ಇಂಟರ್ನೆಟ್ ಹೋದರೂ ಎಲ್ಲ ನಡೆಯುತ್ತಿತ್ತು, ಏಕೆಂದರೆ ನಿಯಮಗಳೆಲ್ಲ ಹಬ್‌ನಲ್ಲೇ ಇದ್ದವು. ಮೇಲಿನ ಟ್ಯಾಂಕ್ ತುಂಬಿದರೆ ಮೋಟರ್ ಆಫ್, ಸಂಪಿನಲ್ಲಿ ನೀರು ಇಳಿದರೆ ಮೋಟರ್ ಆನ್ ಆಗುವುದೇ ಇಲ್ಲ. ವರ್ಷಗಟ್ಟಲೆ ತೊಂದರೆ ಕೊಟ್ಟಿರಲಿಲ್ಲ. ವಾಯ್ಸ್ ಬೇಕಾಗಿದ್ದು ಅಮ್ಮನಿಗೆ. ಮಂಡಿನೋವು, ಫ್ಯಾನ್ ಹಾಕಲು ಆರಿಸಲು ಪ್ರತಿ ಸಲ ಎದ್ದೇಳುವುದು ಕಷ್ಟ.

ಇದು ಹೇಗೆ ನಡೆಯುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಸ್ಪೀಕರ್ ಕೇಳಿಸಿಕೊಂಡ ಮಾತು ಮೊದಲು ಸ್ಪೀಕರ್ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಅಲ್ಲಿ ಅದು ಅಕ್ಷರವಾಗಿ, ಆಜ್ಞೆಯಾಗಿ, ಸ್ವಿಚ್ ಕಂಪನಿಯ ಸರ್ವರ್‌ಗೆ ದಾಟುತ್ತದೆ. ಅಲ್ಲಿಂದ ವಾಪಸ್ ನಮ್ಮ ಮನೆಯ ಹಬ್‌ಗೆ. ಸೋಫಾದಿಂದ ಸ್ವಿಚ್‌ಗೆ ಹತ್ತು ಅಡಿ ದೂರವಿದ್ದರೂ ಮಾತು ಊರೆಲ್ಲ ಸುತ್ತಿಕೊಂಡು ಬರುತ್ತದೆ. ಎರಡು ಸರ್ವರ್‌ಗಳ ನಡುವಿನ ಗಂಟನ್ನೇ ಇವರು 'ಅಕೌಂಟ್ ಲಿಂಕ್' ಅನ್ನುವುದು.

ನಮ್ಮ ಹಬ್ ಹಳೆಯದು, ಅದಕ್ಕೆ ಸರ್ವರ್ ಸಂಪರ್ಕವೇ ಇರಲಿಲ್ಲ. ವಾಯ್ಸ್ ಜೋಡಿಸಲು ಬಂದ ಹುಡುಗ ಅದಕ್ಕೆ ಹೊಸ ಫರ್ಮ್‌ವೇರ್ (ಹಬ್‌ನೊಳಗಿನ ಸಾಫ್ಟ್‌ವೇರ್) ಹಾಕಿದ. ಅದರ ಜೊತೆಗೆ ಹಳೆಯ ನಿಯಮಗಳೆಲ್ಲ ಅಳಿಸಿಹೋದವು. ಬ್ಯಾಕಪ್ ಇಲ್ಲ, "ರೂಲ್ಸ್ ಹೋಗುತ್ತೆ ಸಾರ್" ಅಂತ ಒಂದು ಮಾತೂ ಇಲ್ಲ. ಅಕೌಂಟ್ ತೆರೆದದ್ದು ಅವನ ಆಫೀಸಿನ ಇಮೇಲ್‌ನಲ್ಲಿ. ಆಮೇಲೆ ಸ್ಪೀಕರ್‌ಗೆ "ಡಿವೈಸ್ ಹುಡುಕು" ಅಂದ. ಮನೆಯಲ್ಲಿದ್ದ ಪ್ರತಿಯೊಂದು ಸ್ವಿಚ್ಚೂ ಬಂದು ಪಟ್ಟಿಯಲ್ಲಿ ಕೂತಿತು. ಎಲ್ಲವೂ 'ಲೈಟ್' ಎಂಬ ನಮೂನೆಯಲ್ಲಿ. ಫ್ಯಾನ್ ಲೈಟ್, ಗೀಸರ್ ಲೈಟ್, ಮೋಟರ್ರೂ ಲೈಟ್! ಎಲ್ಲವನ್ನೂ ಒಟ್ಟಿಗೆ ಆಯ್ದು ಸ್ಪೀಕರ್ ಇರುವ ಹಾಲ್ ಗುಂಪಿಗೆ ಸೇರಿಸಿ, ಒಂದು ಲೈಟ್ ಹಾಕಿ ತೋರಿಸಿ, ಹಣ ತೆಗೆದುಕೊಂಡು ಹೋದ.

ನಮ್ಮ ಸ್ಪೀಕರ್‌ಗೆ ಕನ್ನಡ ಬರುವುದಿಲ್ಲ. 'ದೇವರ ಮನೆ' ಅಂದರೆ ಏನೇನೋ ಕೇಳಿಸಿಕೊಂಡು ಕ್ಷಮೆ ಕೇಳುತ್ತದೆ. ಹಾಗಾಗಿ ಅಮ್ಮ ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಸುಲಭದ ಒಂದು ವಾಕ್ಯ ಕಲಿತರು: "ಟರ್ನ್ ಆನ್ ದ ಲೈಟ್ಸ್". ಕೋಣೆಯ ಹೆಸರಿಲ್ಲದೆ ಹೀಗೆ ಹೇಳಿದರೆ, ಸ್ಪೀಕರ್ ಇರುವ ಗುಂಪಿನಲ್ಲಿ ಲೈಟ್ ಅಂತ ಗುರುತಾಗಿರುವುದೆಲ್ಲ ಆನ್ ಆಗುತ್ತದೆ.

ನಾವು ಮದುವೆಗೆ ಹೋಗಿದ್ದ ಸಂಜೆ ಅಮ್ಮ ಒಬ್ಬರೇ ಇದ್ದರು. ಕತ್ತಲಾಯಿತು ಅಂತ ಆ ವಾಕ್ಯ ಹೇಳಿದ್ದಾರೆ. ಹಾಲ್ ಬೆಳಗಿತು, ವರಾಂಡ ಬೆಳಗಿತು, ಬಚ್ಚಲಲ್ಲಿ ಗೀಸರ್ ಆನ್ ಆಯಿತು, ಹೊರಗೆ ಸಂಪಿನೊಳಗೆ ಮೋಟರ್ ಶುರುವಾಯಿತು. ಟ್ಯಾಂಕ್ ತುಂಬಿ ಕಿಟಕಿ ಮೇಲಿನ ಸಜ್ಜಾದಿಂದ ನೀರು ಸುರಿಯುತ್ತಿದ್ದರೆ ಅಮ್ಮ ಮಳೆ ಅಂದುಕೊಂಡು ಕಿಟಕಿ ಹಾಕಿಕೊಂಡಿದ್ದಾರೆ. ಪಕ್ಕದ ಮನೆಯವರು ಫೋನ್ ಮಾಡಿ "ನಿಮ್ಮ ಟ್ಯಾಂಕ್ ಹರೀತಾ ಇದೆ" ಅನ್ನುವಷ್ಟರಲ್ಲಿ ಸಂಪು ಬರಿದಾಗಿತ್ತು. ನೀರಿಲ್ಲದೆ ಓಡಿದ ಸಬ್‌ಮರ್ಸಿಬಲ್ ಮೋಟರ್‌ನ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಕರಕಲು. ವಾಣಿವಿಲಾಸ ವಾಟರ್ ವರ್ಕ್ಸ್‌ನ ನೀರು ಬರುವ ಹೊತ್ತಿಗೆ ಕಾದು ತುಂಬಿಸಿದ್ದ ಸಂಪು ಅದು.

ಗೀಸರ್‌ಗೆ ಥರ್ಮೋಸ್ಟಾಟ್ ಇರುವುದರಿಂದ ಅದಕ್ಕೇನೂ ಆಗಲಿಲ್ಲ. ಆದರೆ ಅದರ ಸ್ವಿಚ್ ಪ್ಲೇಟ್ ಬಿಚ್ಚಿದಾಗ ರಿಲೇ ಹತ್ತಿರ ಪ್ಲಾಸ್ಟಿಕ್ ಕಂದಾಗಿತ್ತು. ವಾಯ್ಸ್‌ಗೆ ಹೊಂದಲಿ ಅಂತ ಆ ಹುಡುಗ ಹೊಸದಾಗಿ ಹಾಕಿದ ಮಾಡ್ಯೂಲ್ 10 ಆಂಪಿಯರಿನದು. ನಮ್ಮ ಗೀಸರ್ 3000 ವ್ಯಾಟ್, ಅಂದರೆ 230 ವೋಲ್ಟ್‌ಗೆ 13 ಆಂಪಿಯರ್. ಐಟಿಐ ಓದಿದ ಯಾವ ಹುಡುಗನಾದರೂ ಮಾಡಬಹುದಾದ ಲೆಕ್ಕ.

ಕರೆದು ಕೇಳಿದರೆ "ಅಮ್ಮ ಏನೋ ತಪ್ಪಾಗಿ ಹೇಳಿರಬೇಕು" ಎಂಬ ಉತ್ತರ. ಸ್ಪೀಕರ್ ಆಪ್‌ನಲ್ಲಿ ವಾಯ್ಸ್ ಹಿಸ್ಟರಿ ಇರುತ್ತದೆ, ಎಷ್ಟು ಹೊತ್ತಿಗೆ ಏನು ಕೇಳಿಸಿಕೊಂಡಿತು ಅನ್ನುವುದು ಧ್ವನಿ ಸಮೇತ. ಅಮ್ಮ ಹೇಳಿದ್ದು ಅವನೇ ಕಲಿಸಿಕೊಟ್ಟ ವಾಕ್ಯ. (ಅದೇ ಪಟ್ಟಿಯಲ್ಲಿ ಅಮ್ಮ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ನಮ್ಮ ಮೇಲೆ ಹೇಳಿದ ದೂರಿನ ತುಣುಕೂ ಸಿಕ್ಕಿತು. ಕರೆಯದೇ ಇದ್ದಾಗಲೂ ಅದು ಎಚ್ಚರಾಗುತ್ತದೆ. ನಿಮ್ಮ ಮನೆಯ ಹಿಸ್ಟರಿ ಒಮ್ಮೆ ತೆಗೆದು ನೋಡಿ, ಬೇಡವಾದದ್ದನ್ನು ಅಳಿಸಿ.)

ಹಿಸ್ಟರಿ ಕಳಿಸಿದ ಮೇಲೆ ಅವನ ಫೋನ್ ಸ್ವಿಚ್ ಆಫ್. ಅಸಲಿ ಸಂಕಟ ಶುರುವಾಗಿದ್ದು ಆಗ. ಮೋಟರನ್ನು ಪಟ್ಟಿಯಿಂದ ತೆಗೆಯೋಣ ಅಂದರೆ ಹಬ್ ಅವನ ಅಕೌಂಟ್‌ನಲ್ಲಿದೆ. ರೀಸೆಟ್ ಮಾಡಿ ನನ್ನ ಹೆಸರಿಗೆ ಸೇರಿಸಲು ಹೋದರೆ "ಈ ಡಿವೈಸ್ ಬೇರೆ ಖಾತೆಗೆ ಸೇರಿದೆ" ಅನ್ನುತ್ತದೆ. ಕಂಪನಿಯ ಕಸ್ಟಮರ್ ಕೇರ್‌ನವರು "ಮಾಲೀಕರೇ ತೆಗೆಯಬೇಕು" ಅಂದರು. ಮನೆ ನನ್ನದು, ಹಬ್‌ಗೆ ಹಣ ಕೊಟ್ಟವನು ನಾನು, ಮಾಲೀಕ ಮಾತ್ರ ಅವನು! ಅಷ್ಟು ದಿನವೂ ಅವನು ಎಲ್ಲಿಂದ ಬೇಕಾದರೂ ನಮ್ಮ ಮನೆಯ ಸ್ವಿಚ್ ಒತ್ತಬಹುದಿತ್ತು. ಬಿಲ್, ಹಬ್‌ನ ಸೀರಿಯಲ್ ನಂಬರ್ ಫೋಟೊ ಎಲ್ಲ ಕಳಿಸಿ ಜಗಳವಾಡಿದ ಮೇಲೆ ಕಂಪನಿಯವರು ಬಿಡಿಸಿಕೊಟ್ಟರು.

ಇನ್‌ಸ್ಟಾಲರ್ ಒಳ್ಳೆಯವನೇ ಆಗಿದ್ದರೂ ಸರ್ವರ್ ಮೇಲೆ ನಿಂತ ಮನೆಗೆ ಭರವಸೆ ಕಡಿಮೆ. 2016ರ ಮೇ ತಿಂಗಳಲ್ಲಿ ಸ್ಮಾರ್ಟ್ ಹೋಮ್ ಕಂಪನಿ ನೆಸ್ಟ್ ತಾನು ಕೊಂಡಿದ್ದ ರಿವಾಲ್ವ್ ಹಬ್‌ನ ಸೇವೆ ನಿಲ್ಲಿಸಿದಾಗ ಹಬ್‌ಗಳು ಕೆಲಸಕ್ಕೆ ಬಾರದಂತಾದವು. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್ನೊಂದು ಸ್ಮಾರ್ಟ್ ಹೋಮ್ ಕಂಪನಿ ಇನ್‌ಸ್ಟಿಯಾನ್ ಗ್ರಾಹಕರಿಗೆ ಹೇಳದೆ ಕೇಳದೆ ಸರ್ವರ್ ಬಂದ್ ಮಾಡಿತು. 2021ರ ಡಿಸೆಂಬರ್ 7ರಂದು ಅಮೆಜಾನ್‌ನ ವರ್ಜೀನಿಯಾ ಸರ್ವರ್‌ಗಳು ಕೈಕೊಟ್ಟಾಗ ಅದರ ವಾಯ್ಸ್ ಸಹಾಯಕಿ ಅಲೆಕ್ಸಾಗೂ ಪೆಟ್ಟು ಬಿತ್ತು.

ಗೇಟ್, ಬಾಗಿಲಿನ ಬೀಗ ಜೋಡಿಸುವವರು ಇನ್ನೂ ಹುಷಾರಾಗಿರಿ. 2017ರಲ್ಲಿ ಬರ್ಗರ್ ಕಿಂಗ್‌ನ ಟಿವಿ ಜಾಹೀರಾತು "ಓಕೆ ಗೂಗಲ್" ಅಂದು ಜನರ ಮನೆಯ ಸ್ಪೀಕರ್‌ಗಳನ್ನೇ ಮಾತಾಡಿಸಿತು. 2019ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರೂ ಟೋಕಿಯೊದ ಸಂಶೋಧಕರೂ ಸೇರಿ, ಕಿಟಕಿ ಗಾಜಿನಾಚೆಯಿಂದ ಮೈಕ್ ಮೇಲೆ ಲೇಸರ್ ಬಿಟ್ಟು ಸ್ಪೀಕರ್‌ಗೆ ಆಜ್ಞೆ ಕೊಡಬಹುದು ಅಂತ ತೋರಿಸಿದರು. ಬೀಗ ತೆರೆಯಲು ಅಲೆಕ್ಸಾ ಪಿನ್ ಕೇಳುತ್ತದೆ, ನಿಜ. ಆದರೆ ಯಾರೋ ಗೇಟನ್ನು ಲೈಟ್ ಅಂತ ಸೇರಿಸಿಟ್ಟಿದ್ದರೆ ಅದಕ್ಕೆ ಪಿನ್ ಯಾಕೆ ಕೇಳುತ್ತದೆ?

ಈಗ ನಮ್ಮಲ್ಲಿ ಹೋಮ್ ಅಸಿಸ್ಟೆಂಟ್ ಅನ್ನುವ, ಮನೆಯ ಕಂಪ್ಯೂಟರಿನಲ್ಲೇ ನಡೆಯುವ ಸಾಫ್ಟ್‌ವೇರ್ ಓಡುತ್ತಿದೆ. ನಿಯಮಗಳು ಮನೆಯೊಳಗೇ ಇವೆ, ಸ್ಪೀಕರ್‌ಗೆ ಏನೇನು ಕಾಣಬೇಕು ಅನ್ನುವುದನ್ನು ನಾನೇ ಒಂದೊಂದಾಗಿ ಟಿಕ್ ಮಾಡಿದ್ದೇನೆ. ಅಮ್ಮನ ಕೋಣೆಯ ಫ್ಯಾನ್, ಎರಡು ಲೈಟ್, ಅಷ್ಟೇ. ಹೊಸದಾಗಿ ಕೊಳ್ಳುವವರು 'ಮ್ಯಾಟರ್' (Matter) ಗುರುತಿರುವ ಸ್ವಿಚ್ ನೋಡಬಹುದು. 2022ರಲ್ಲಿ ಬಂದ ಈ ಪದ್ಧತಿಯಲ್ಲಿ ಸ್ವಿಚ್‌ಗೆ ಆಜ್ಞೆ ಮನೆಯ ನೆಟ್‌ವರ್ಕ್‌ನಲ್ಲೇ ಹೋಗುತ್ತದೆ. ಆದರೂ ಸಾಮಾನ್ಯ ಸ್ಪೀಕರ್‌ಗಳಲ್ಲಿ ನಾವು ಆಡಿದ ಮಾತು ಹೊರಗಿನ ಸರ್ವರ್‌ಗೆ ಹೋಗಿಯೇ ಬರಬೇಕು. ಮೋಟರ್‌ಗೆ ಈಗ ಸಂಪಿನಲ್ಲೂ ಟ್ಯಾಂಕಿನಲ್ಲೂ ಫ್ಲೋಟ್ ಸ್ವಿಚ್ (ನೀರಿನ ಮಟ್ಟಕ್ಕೆ ತಕ್ಕಂತೆ ತೇಲುವ ಸ್ವಿಚ್) ಇದೆ, ನೇರವಾಗಿ ಮೋಟರ್‌ಗೆ ಕರೆಂಟ್ ಬಿಡುವ ಕಾಂಟ್ಯಾಕ್ಟರ್‌ನ ಕಾಯಿಲ್‌ಗೇ ವೈರ್ ಎಳೆಸಿದ್ದೇನೆ. ಯಾವ ಆಪ್ ಏನೇ ಹೇಳಲಿ, ನೀರಿಲ್ಲದಿದ್ದರೆ ಅದು ತಿರುಗುವುದಿಲ್ಲ.

ಸುಟ್ಟ ಮೋಟರ್‌ನ ರಿವೈಂಡಿಂಗ್ ಹಣ ಇನ್ನೂ ಬಂದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ನನಗೆ ತೊಡಕಾಗಿರುವುದು ಬಿಲ್: 'ವಾಯ್ಸ್ ಇಂಟಿಗ್ರೇಷನ್' ಅಂತ ಒಂದೇ ಸಾಲಿದೆ. ನೀವು ಬರೆಸುವಾಗ ಯಾವ ಮಾಡ್ಯೂಲ್, ಎಷ್ಟು ಆಂಪಿಯರ್, ಅಕೌಂಟ್ ಯಾರ ಇಮೇಲ್‌ನಲ್ಲಿದೆ, ಯಾವ್ಯಾವ ಸ್ವಿಚ್ ಸ್ಪೀಕರ್‌ಗೆ ಸೇರಿಸಿದ್ದಾರೆ ಎಲ್ಲವನ್ನೂ ಅದರ ಮೇಲೆಯೇ ಬರೆಸಿ, ಅವರ ಸಹಿ ಹಾಕಿಸಿದ ಮೇಲೆ ಹಣ ಕೊಡಿ.